ಅತ್ತೆಯ ಹೆಪ್ಪಿಗೆ ಥರ್ಮೊಕಪಲ್

ನಮ್ಮ ಮನೆಯ ಹೆಪ್ಪು ಅಮೆರಿಕಕ್ಕೆ ಬಂದ ಕಥೆಯನ್ನು ನಾನು ಹಲವು ಪಾರ್ಟಿಗಳಲ್ಲಿ, ಕೈಯಲ್ಲಿ ಪೇಪರ್ ಪ್ಲೇಟ್ ಹಿಡಿದುಕೊಂಡು ಹೇಳಿದ್ದೇನೆ. ನಮ್ಮತ್ತೆ ಮೈಸೂರಿನಿಂದ ಹೊರಡುವಾಗ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ಎರಡು ಚಮಚ ಮೊಸರು ಹಾಕಿ, ಟವೆಲ್ಲಿನಲ್ಲಿ ಸುತ್ತಿ, ಸೀರೆಗಳ ನಡುವೆ ಬಚ್ಚಿಟ್ಟು ತಂದರು. ನ್ಯೂವರ್ಕ್ ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವನು ಡಬ್ಬಿ ಎತ್ತಿ ಹಿಡಿದು ಇದೇನು ಎಂದಾಗ "ಮೆಡಿಸಿನ್" ಎಂದು ಗಂಭೀರವಾಗಿ ಹೇಳಿ ಪಾರಾದರು. ಜನ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೋದ ವರ್ಷ ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ನಮ್ಮದೇ ಮನೆಯಲ್ಲಿ, ನೆಂಟರ ಮುಂದೆ ಇದನ್ನು ಮತ್ತೆ ಶುರು ಮಾಡಿದಾಗ ಹೆಂಡತಿ ಸಾರಿನ ಸೌಟು ಹಿಡಿದುಕೊಂಡೇ ತಡೆದಳು.

"ಅಮ್ಮ ಮೊಸರು ತರಲೇ ಇಲ್ವಲ್ರೀ. ತಂದಿದ್ದು ಬ್ಯಾಡಗಿ ಮೆಣಸಿನಕಾಯಿ. ಅದರ ತೊಟ್ಟು ಹಾಕಿ ಇಲ್ಲೇ ಹಾಲು ಹೆಪ್ಪಾಗಿಸಿದ್ರು. ನೀವೇ ಪಕ್ಕದಲ್ಲಿ ನಿಂತು, ಇದೆಲ್ಲ ಆಗಲ್ಲ ಅತ್ತೆ ಅಂತಿದ್ರಿ."

ಹಾಗಾದರೆ ಆ ಕಸ್ಟಮ್ಸ್‌ನವನು ಯಾರು? ಅವನ ಮೀಸೆ ಕೂಡ ನನಗೆ ನೆನಪಿದೆ. ಬಹುಶಃ ಯಾರದೋ ಉಪ್ಪಿನಕಾಯಿಯ ಕಥೆಯಲ್ಲಿ ಇದ್ದವನು ಅಲ್ಲಿಂದ ರಾಜೀನಾಮೆ ಕೊಟ್ಟು ನನ್ನ ತಲೆಗೆ ಬಂದು ಕೆಲಸಕ್ಕೆ ಸೇರಿದ್ದಾನೆ. ಆದ್ದರಿಂದ ಮುಂದೆ ಹೇಳುವುದನ್ನೂ ಓದುವವರು ಪೂರ್ತಿ ನಂಬದೆ, ಇಂಗ್ಲಿಷಿನವರು ಹೇಳುವ ಹಾಗೆ ಒಂದು ಚಿಟಿಕೆ ಉಪ್ಪು ಹಾಕಿಕೊಂಡೇ ಓದಬೇಕು. ಅದು ಕಳೆದ ಚಳಿಗಾಲದಲ್ಲಿ ನಡೆದದ್ದು, ಅಷ್ಟು ಖಚಿತ.

ನಾನು ಓದಿದ್ದು ಭೌತಶಾಸ್ತ್ರ. ಎಲ್ಲವನ್ನೂ ಅನುಮಾನಿಸಬೇಕು, ಅಳೆಯದೆ ಏನನ್ನೂ ಒಪ್ಪಬಾರದು ಎಂದು ಯೂನಿವರ್ಸಿಟಿಯಲ್ಲಿ ಕಲಿಸಿದರು. ಆಮೇಲೆ ಹೊಟ್ಟೆಪಾಡಿಗೆ ಪಿಸ್ಕಾಟವೇಯ ಆಫೀಸೊಂದರಲ್ಲಿ ಕೂತು ಸ್ಲೈಡುಗಳನ್ನು ಮಾಡುತ್ತಾ ಬಂದೆ. ಸ್ಲೈಡುಗಳಲ್ಲಿ ಅಳೆಯುವಂಥದ್ದು ಏನೂ ಇರುವುದಿಲ್ಲ. ಈ ಹಸಿವಿನಲ್ಲಿದ್ದಾಗಲೇ ಆನ್‌ಲೈನಿನಲ್ಲಿ ಥರ್ಮೊಕಪಲ್‌ಗಳು ಕಣ್ಣಿಗೆ ಬಿದ್ದವು. ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಬೀರುವಿನೊಳಗೆ ಬೀಗ ಹಾಕಿಡುತ್ತಿದ್ದ ವಸ್ತು ಈಗ ಒಂದು ಪ್ಯಾಕೆಟ್ಟಿಗೆ ಐದರಂತೆ, ಹಲ್ಲುಜ್ಜುವ ಬ್ರಷ್ಷಿನ ಬೆಲೆಗೆ ಮನೆ ಬಾಗಿಲಿಗೆ ಬರುತ್ತದೆ. ಇದೇನೂ ದೊಡ್ಡ ಯಂತ್ರವಲ್ಲ. ಬೇರೆ ಬೇರೆ ಲೋಹದ ಎರಡು ತೆಳು ತಂತಿಗಳು. ತುದಿಯಲ್ಲಿ ಎರಡನ್ನೂ ಸೇರಿಸಿ ಸಾಸಿವೆ ಕಾಳಿನಷ್ಟು ಬೆಸುಗೆ. ಆ ಕಾಳಿಗೂ ತಂತಿಯ ಇನ್ನೊಂದು ಕೊನೆಗೂ ಬಿಸಿಯಲ್ಲಿ ವ್ಯತ್ಯಾಸವಿದ್ದರೆ ಅಷ್ಟಕ್ಕೆ ತಕ್ಕ ಚಿಟಿಕೆ ವಿದ್ಯುತ್ತು ಹುಟ್ಟುತ್ತದೆ. ಮೀಟರು ಅದನ್ನು ಡಿಗ್ರಿಗೆ ತಿರುಗಿಸಿ ತೋರಿಸುತ್ತದೆ.

ಬಂದ ದಿನವೇ ಐಸಿನ ನೀರಿಗೂ ಕುದಿಯುವ ನೀರಿಗೂ ಅದ್ದಿ ನೋಡಿದೆ. ಎರಡಕ್ಕೂ ಸರಿಯಾದ ಉತ್ತರ ಕೊಟ್ಟಿತು. ಅಲ್ಲಿಂದ ನನ್ನನ್ನು ಹಿಡಿಯುವವರೇ ಇರಲಿಲ್ಲ. ಕಿಟಕಿಯ ಸಂದಿ, ಹೀಟಿಂಗ್ ವೆಂಟು, ಫಿಲ್ಟರ್ ಕಾಫಿ, ಕೊನೆಗೆ ನನ್ನ ಎರಡು ಕಿವಿಗಳು. ಗೋಡೆಯ ಥರ್ಮೊಸ್ಟ್ಯಾಟ್ ಎರಡು ಡಿಗ್ರಿ ಸುಳ್ಳು ಹೇಳುತ್ತಿದೆ ಎಂದು ಕಂಡುಹಿಡಿದ ದಿನ ಹಬ್ಬದ ಊಟ ಉಂಡವನಂತೆ ಓಡಾಡಿದೆ.

"ಇಡೀ ಮನೆಗೇ ಜ್ವರ ಬಂದಿದ್ಯೇನ್ರೀ?" ಎಂದಳು ಹೆಂಡತಿ. "ದಿನಾ ನೋಡ್ತಿದೀರಲ್ಲ, ಎಷ್ಟಿದೆಯಂತೆ ಈಗ?"

ಅವಳ ಅಡುಗೆಮನೆಗೆ ಮಾತ್ರ ನನಗೂ ನನ್ನ ತಂತಿಗಳಿಗೂ ಪ್ರವೇಶವಿರಲಿಲ್ಲ. ನ್ಯೂಜೆರ್ಸಿಯ ಚಳಿಯಲ್ಲಿ ಹಾಲನ್ನು ಕಟ್ಟೆಯ ಮೇಲೆ ಇಟ್ಟರೆ ಅದು ಹಾಲಾಗಿಯೇ ಉಳಿಯುತ್ತದೆ. ಆದ್ದರಿಂದ ಇಲ್ಲಿನ ನಮ್ಮ ಜನ ಮಾಡುವ ಉಪಾಯವೆಂದರೆ, ಹೆಪ್ಪು ಹಾಕಿದ ಪಾತ್ರೆಯನ್ನು ಸ್ಟವ್‌ನ ಕೆಳಗಿರುವ ಬೇಕಿಂಗ್ ಒಲೆ, ಅಂದರೆ ಅವನ್‌ನೊಳಗೆ ಇಟ್ಟು, ಅವನ್ ಹಚ್ಚದೆ ಒಳಗಿನ ಲೈಟನ್ನು ಮಾತ್ರ ಹಾಕಿ ಬಿಡುವುದು. ಆ ಬಲ್ಬಿನ ಬಿಸಿಯೇ ಸಾಕು. ಅತ್ತೆ ಮೊದಲ ಸಲ ಇದನ್ನು ನೋಡಿ, "ಇದೇನಪ್ಪಾ, ನಿಮ್ಮೂರಲ್ಲಿ ಮೊಸರಿಗೂ ಲೈಟ್ ಹಾಕಿ ಮಲಗಿಸ್ಬೇಕಾ?" ಎಂದಿದ್ದರು. ಅಥವಾ ಎಂದಿದ್ದರು ಎಂದುಕೊಂಡಿದ್ದೇನೆ. ಹಾಲು ಎಷ್ಟು ಬಿಸಿಯಿರಬೇಕು ಎಂದು ಹೆಂಡತಿಯನ್ನು ಕೇಳಿದರೆ ಉಗುರುಬೆಚ್ಚಗೆ ಎನ್ನುತ್ತಾಳೆ. ಯಾರ ಉಗುರು, ಯಾವ ಬೆರಳಿನದು ಎಂದು ಕೇಳಿದರೆ ಅಡುಗೆಮನೆಯಿಂದ ಹೊರಗೆ ಹೋಗಿ ಎನ್ನುತ್ತಾಳೆ.

ಜನವರಿಯಲ್ಲಿ ಅವಳ ದೊಡ್ಡಮ್ಮನ ಮಗಳು ಡಲ್ಲಾಸ್‌ನಲ್ಲಿ ಹೊಸ ಮನೆಯ ಗೃಹಪ್ರವೇಶ ಇಟ್ಟುಕೊಂಡಳು. ಹೆಂಡತಿ ಒಂದು ವಾರಕ್ಕೆ ಹೊರಟಳು. ಅತ್ತೆ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಅವರು ನಮ್ಮ ಜೊತೆ ಕಳೆದ ಆ ಒಂದು ಚಳಿಗಾಲದ ಹೆಪ್ಪು ಅಂದಿನಿಂದ ನಮ್ಮ ಮನೆಯಲ್ಲಿ ನಿಂತಿರಲಿಲ್ಲ. ಇವತ್ತಿನ ಮೊಸರಿನಿಂದ ಎರಡು ಚಮಚ ನಾಳೆಯ ಹಾಲಿಗೆ, ನಾಳೆಯದರಿಂದ ನಾಡಿದ್ದಿಗೆ. ಅದರ ಬಗ್ಗೆ ಹೆಂಡತಿ ಯಾವತ್ತೂ ದೊಡ್ಡ ಮಾತು ಆಡಿದವಳಲ್ಲ. ಆದರೆ ಇಂಡಿಯಾಕ್ಕೆ ಹೋಗುವಾಗ ಚಿನ್ನವನ್ನು ಬ್ಯಾಂಕ್ ಲಾಕರಿನಲ್ಲಿಟ್ಟು, ಹೆಪ್ಪನ್ನು ಪಿಸ್ಕಾಟವೇಯಲ್ಲಿರುವ ಸ್ನೇಹಿತೆಯ ಮನೆಗೆ ತಾನೇ ಡ್ರೈವ್ ಮಾಡಿಕೊಂಡು ಹೋಗಿ ಒಪ್ಪಿಸಿ ಬರುತ್ತಿದ್ದಳು.

ಬಾಗಿಲಲ್ಲಿ ಸೂಟ್‌ಕೇಸ್ ಹಿಡಿದು ನಿಂತು ಹೇಳಿದಳು: "ದಿನಾ ಹೆಪ್ಪು ಹಾಕ್ಬೇಡಿ, ದಿನ ಬಿಟ್ಟು ದಿನ ಒಂದು ಲೋಟ ಹಾಲಿಗೆ ಹಾಕಿ ಸಾಕು. ಎರಡು ಚಮಚ ಎತ್ತಿಡೋದು ಮಾತ್ರ ಮರೀಬೇಡಿ."

"ನಾನೇನು ಮಗೂನಾ?"

"ಮಗು ಆಗಿದ್ರೆ ಪಕ್ಕದ ಮನೇಲಿ ಬಿಟ್ಟು ಹೋಗ್ತಿದ್ದೆ."

ಮೊದಲ ಸಲ ಅವಳು ಹೇಳಿದಂತೆಯೇ ಮಾಡಿದೆ. ಮೊಸರಾಯಿತು. ಸ್ವಲ್ಪ ನೀರು ನೀರು. ಇಷ್ಟಕ್ಕೆ ಸುಮ್ಮನಿದ್ದರೆ ಈ ಬರಹ ಇರುತ್ತಿರಲಿಲ್ಲ. ಹೆಪ್ಪು ಎಷ್ಟು ಹಾಕಿದರೆ ಮೊಸರು ಎಷ್ಟು ಗಟ್ಟಿಯಾಗುತ್ತದೆ ಎಂಬುದನ್ನು ಈ ವಾರದಲ್ಲಿ ಶಾಶ್ವತವಾಗಿ ತೀರ್ಮಾನಿಸಿಬಿಡೋಣ ಎನ್ನಿಸಿತು. ನಾಲ್ಕು ಬಟ್ಟಲುಗಳಲ್ಲಿ ಒಂದೇ ಅಳತೆಯ ಹಾಲು, ಒಂದೊಂದಕ್ಕೂ ಒಂದೊಂದು ಅಳತೆಯ ಹೆಪ್ಪು. ಹಾಗೆ ಹಂಚುವಷ್ಟರಲ್ಲಿ ಡಬ್ಬಿ ಖಾಲಿಯಾಯಿತು. ಎರಡು ಚಮಚ ಎತ್ತಿಡಬೇಕು ಎಂಬುದು ಮರೆತಿರಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ಮರೆವು ಎಂದಾದರೆ ಕ್ಷಮೆ ಇತ್ತು. ನಾನು ತರ್ಕ ಮಾಡಿದೆ. ನಾಲ್ಕು ಬಟ್ಟಲು ಎಂದರೆ ನಾಲ್ಕು ಪ್ರತಿ. ಒಂದು ಕೆಟ್ಟರೂ ಮೂರು ಉಳಿಯುತ್ತವೆ. ನಾಲ್ಕನ್ನೂ ಇಡುತ್ತಿರುವುದು ಒಂದೇ ಅವನ್‌ನಲ್ಲಿ ಎಂಬುದು ಈ ತರ್ಕದಲ್ಲಿ ಎಲ್ಲೂ ಬರಲಿಲ್ಲ.

ಮನೆಯಿಂದಲೇ ಕೆಲಸ ಮಾಡುವ ದಿನ ಅದು, ನನ್ನ ಮೇಜು ಬೇಸ್‌ಮೆಂಟಿನಲ್ಲಿ. ಮೀಟಿಂಗಿನಲ್ಲಿ ಕೂತಿದ್ದರೂ ಮೊಸರಿನ ಉಷ್ಣತೆ ಕಣ್ಣ ಮುಂದೆಯೇ ಇರಬೇಕೆಂಬ ಆಸೆ. ಥರ್ಮೊಕಪಲ್‌ನ ತಂತಿ ಒಂದು ಗಜವೂ ಇಲ್ಲ. ಅದಕ್ಕೆ ಜೋಡಿಸಲು ಇದೇ ಕೆಲಸಕ್ಕಾಗಿ ಮಾಡಿದ ಉದ್ದ ತಂತಿಯ ಸುರುಳಿಯೊಂದನ್ನು ಮೊದಲೇ ತರಿಸಿದ್ದೆ. ಬೆಸುಗೆಯ ತುದಿಯನ್ನು ನಡುವಿನ ಬಟ್ಟಲಿಗೆ ಇಳಿಬಿಟ್ಟೆ, ತಂತಿಯನ್ನು ಅವನ್ ಬಾಗಿಲ ಸಂದಿಯಿಂದ ಹೊರತಂದೆ, ಸ್ಟವ್‌ನ ಹಿಂಬದಿಯಲ್ಲಿ ಉದ್ದ ತಂತಿಗೆ ಜೋಡಿಸಿ ಟೇಪು ಸುತ್ತಿದೆ, ಮೆಟ್ಟಿಲ ಪಕ್ಕದಿಂದ ಬೇಸ್‌ಮೆಂಟಿಗೆ ಇಳಿಸಿ ಮೀಟರಿಗೆ ಸಿಕ್ಕಿಸಿದೆ. ಪ್ರೋಬಿನಲ್ಲಿ, ಅಂದರೆ ಥರ್ಮೊಕಪಲ್‌ನಲ್ಲಿ, ಕೆಂಪು, ನೀಲಿ ತಂತಿ. ಸುರುಳಿಯಲ್ಲಿ ಕೆಂಪು, ಹಳದಿ. ಕೆಂಪಿಗೆ ಕೆಂಪು, ಮೀಟರಿನ ಪ್ಲಸ್ಸಿಗೂ ಕೆಂಪು. ಹೈಸ್ಕೂಲಿನಿಂದ ಕೆಂಪು ಎಂದರೆ ಪ್ಲಸ್. ಇದರಲ್ಲಿ ಯೋಚಿಸುವಂಥದ್ದೇನಿದೆ?

ಕೆಳಗೆ ಬಂದು ನೋಡಿದರೆ ತೊಂಬತ್ತರ ಹತ್ತಿರ ತೋರಿಸುತ್ತಿತ್ತು. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಮೊಸರಿಗೆ ನೂರ ಹತ್ತಾದರೂ ಬೇಕು ಎಂದು ಓದಿದ್ದೆ. ಅಂದರೆ ಇಷ್ಟು ವರ್ಷ ಈ ಬಲ್ಬಿನ ಮೇಲೆ ಎಲ್ಲರೂ ಇಟ್ಟಿದ್ದ ನಂಬಿಕೆ ಶುದ್ಧ ಮೂಢನಂಬಿಕೆ! ಸಂತೋಷವಾಯಿತು. ಮೇಲೆ ಹೋಗಿ ಅವನ್ ಅನ್ನು 'ವಾರ್ಮ್'ಗೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಆರಿಸಿ, ಕೆಳಗೆ ಬಂದೆ. ಅಂಕಿ ಇಳಿದಿತ್ತು. ಚಳಿಗೆ ಎಲ್ಲೋ ಬಿಸಿ ಸೋರುತ್ತಿದೆ ಎಂದುಕೊಂಡು ಮತ್ತೆ ಮೇಲೆ ಹೋದೆ, ಈ ಸಲ ಹೆಚ್ಚು ಹೊತ್ತು. ಅಂಕಿ ಅಲ್ಪಸ್ವಲ್ಪ ಏರಿ, ಸುಸ್ತಾದವನಂತೆ ಕೂತುಬಿಟ್ಟಿತು. ಮೂರನೆಯ ಸಲ ಅವನ್ ಆರಿಸುವ ಗೋಜಿಗೇ ಹೋಗಲಿಲ್ಲ. ಮೀಟಿಂಗಿನಲ್ಲಿ ಯಾರೋ ನನ್ನ ಅಭಿಪ್ರಾಯ ಕೇಳಿದಾಗ, "ಇನ್ನೂ ಸ್ವಲ್ಪ ಬಿಸಿಯಾಗಬೇಕು" ಎಂದು ಇಂಗ್ಲಿಷಿನಲ್ಲಿ ಹೇಳಿದೆನಂತೆ. ಪ್ರಾಜೆಕ್ಟಿನ ಬಗ್ಗೆ ಎಂದುಕೊಂಡು ಎಲ್ಲರೂ ಒಪ್ಪಿದರಂತೆ.

ಮಧ್ಯಾಹ್ನ ಅಂಕಿ ಕೊನೆಗೂ ನೂರ ಹತ್ತನ್ನು ಮುಟ್ಟಿತು. ಗೆದ್ದವನ ಠೀವಿಯಲ್ಲಿ ಅವನ್ ಬಾಗಿಲು ತೆರೆದೆ. ಮುಖಕ್ಕೆ ಹಬೆ ರಾಚಿ ಕನ್ನಡಕ ಮಂಜಾಯಿತು. ಒರೆಸಿಕೊಂಡು ನೋಡಿದರೆ ನಾಲ್ಕೂ ಬಟ್ಟಲುಗಳಲ್ಲಿ ತಿಳಿ ಹಳದಿ ನೀರು, ಅದರ ಮೇಲೆ ರಬ್ಬರಿನಂಥ ಬಿಳಿ ಗಡ್ಡೆಗಳು. ನಂಬಲಾರದೆ ಕಿರುಬೆರಳು ಅದ್ದಿದೆ. ಸುಟ್ಟುಕೊಂಡೆ.

ಆಗ ಮಾಡಬೇಕಾಗಿದ್ದದ್ದು ಒಂದೇ: ಎಲ್ಲಿಂದಲಾದರೂ ಹೆಪ್ಪು ತರುವುದು. ನಾನು ಮಾಡಿದ್ದು, ನೆಲದ ಮೇಲೆ ಕೂತು ತಂತಿಯ ಸುರುಳಿಯ ಜೊತೆ ಬಂದ ಚೀಟಿ ಓದಿದ್ದು. ಪ್ರೋಬ್ ತಯಾರಾದ ದೇಶದಲ್ಲಿ ಕೆಂಪು ಪ್ಲಸ್. ತಂತಿ ಅಮೆರಿಕದ್ದು, ಇಲ್ಲಿನ ಥರ್ಮೊಕಪಲ್ ತಂತಿಯಲ್ಲಿ ಕೆಂಪು ಮೈನಸ್. ಎರಡೂ ಕೆಂಪನ್ನು ಜೋಡಿಸಿದ್ದರಿಂದ ನಡುವಿನ ಉದ್ದ ತಂತಿ ಪೂರ್ತಿ ತಿರುಗುಮುರುಗಾಗಿತ್ತು. ಸ್ಟವ್‌ನ ಹಿಂದಿದ್ದ ಜೋಡಣೆ ಬೆಚ್ಚಗಿದ್ದಷ್ಟೂ, ಬೇಸ್‌ಮೆಂಟಿನ ಮೀಟರು ತಣ್ಣಗಿದ್ದಷ್ಟೂ, ತೋರಿಸುವ ಅಂಕಿ ನಿಜಕ್ಕಿಂತ ಕೆಳಗೆ ಹೋಗುತ್ತದೆ. ಜೋಡಣೆ ಇದ್ದ ಜಾಗವಾದರೋ ಅವನ್‌ನ ಬಿಸಿಗಾಳಿ ಹೊರಬರುವ ತೂತಿನ ಪಕ್ಕ. ನಾನು ಬಿಸಿ ಮಾಡಿದಷ್ಟೂ ಮೀಟರು ಚಳಿ ಎಂದಿತು, ಚಳಿ ಎಂದಷ್ಟೂ ನಾನು ಬಿಸಿ ಮಾಡಿದೆ. ಗೋಡೆಯ ಥರ್ಮೊಸ್ಟ್ಯಾಟನ್ನು ಅನುಮಾನಿಸಿದೆ, ಹೆಂಡತಿಯ ಬೆರಳನ್ನು ಅನುಮಾನಿಸಿದೆ, ನನ್ನ ನೆನಪನ್ನೂ ಅನುಮಾನಿಸುತ್ತೇನೆ. ಒಂದು ಬಣ್ಣವನ್ನು ಮಾತ್ರ ಅನುಮಾನಿಸಲಿಲ್ಲ.

ಇದೆಲ್ಲ ಅರ್ಥವಾದಾಗ ಒಂದು ಕ್ಷಣ ನಿಜವಾಗಿಯೂ ಖುಷಿಯಾಯಿತು ಎಂಬುದನ್ನು ಹೆಂಡತಿಗೆ ಈವರೆಗೆ ಹೇಳಿಲ್ಲ.

ಖುಷಿ ಇಳಿದ ಮೇಲೆ ವಾದ ಸಿದ್ಧಪಡಿಸಿದೆ. ಹೆಪ್ಪು ಎಂದರೇನು? ಸೂಕ್ಷ್ಮಜೀವಿಗಳು. ಅವು ದಿನಕ್ಕೆ ಹಲವು ತಲೆಮಾರು ಕಳೆಯುತ್ತವೆ. ಅತ್ತೆ ಹಾಕಿದ ಹೆಪ್ಪಿನದು ಎನ್ನುವಂಥ ಒಂದು ಕಣವೂ ಇವತ್ತಿನ ಮೊಸರಿನಲ್ಲಿ ಇರಲಾರದು. ಅಂಗಡಿಯ ಮೊಸರು ತಂದು ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ಫ್ರಿಜ್ ಮುಂದೆ ನಿಂತು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ವಾದದಲ್ಲಿ ತಪ್ಪಿರಲಿಲ್ಲ. ಆದರೆ ಏರ್‌ಪೋರ್ಟಿನಿಂದ ಬಂದವಳು ಕೈತೊಳೆದು ಇದೇ ಫ್ರಿಜ್ ತೆರೆಯುತ್ತಾಳೆ, ಆಗ ಇದನ್ನು ಅವಳ ಮುಖ ನೋಡಿಕೊಂಡು ಹೇಳಬೇಕು. ಕೋಟು ಹಾಕಿಕೊಂಡು ಪಿಸ್ಕಾಟವೇಗೆ ಹೊರಟೆ.

ಅಲ್ಲಿನ ಆ ಸ್ನೇಹಿತೆ ಧಾರವಾಡದವರು, ನನಗಿಂತ ದೊಡ್ಡವರು, ನಾವು ಅಕ್ಕ ಎನ್ನುತ್ತೇವೆ. ಅತ್ತೆ ಇಲ್ಲಿದ್ದ ಚಳಿಗಾಲದಲ್ಲಿ ಅವರ ಕೈಯಿಂದಲೇ ಹೆಪ್ಪು ತೆಗೆದುಕೊಂಡು ಹೋದವರು. ದಾರಿಯಲ್ಲಿ ರೂಟ್ ಒನ್ ಹೆದ್ದಾರಿ ಎಂದಿನಂತೆ ಟ್ರಾಫಿಕ್ಕಿನಲ್ಲಿ ನಿಂತಿತ್ತು. ಚಳಿಗಾಲದ ಸೂರ್ಯ ನಾಲ್ಕೂವರೆಗೆಲ್ಲ ಮುಳುಗುವವನು, ಮುಂದಿನ ಟ್ರಕ್ಕಿನ ಹಿಂದೆ ಇಳಿಯುತ್ತಿದ್ದ. ಆಗ ನೆನಪಾಯಿತು: ಅಕ್ಕ ಸಂಜೆ ದೇವರ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಯಾವುದನ್ನೂ ಮನೆಯಿಂದ ಹೊರಗೆ ಕೊಡುವುದಿಲ್ಲ. ಈ ನಂಬಿಕೆಯನ್ನು ಅವರ ಮನೆಯಲ್ಲೇ, ಅವರ ಚಕ್ಕುಲಿ ತಿನ್ನುತ್ತಾ, ನಾನು ಗೇಲಿ ಮಾಡಿದ್ದೆ. ಈಗ ಅದೇ ದೀಪಕ್ಕೆ ಹೆದರಿ ಹಾರ್ನ್ ಹೊಡೆಯುತ್ತಿದ್ದೆ.

ಬಾಗಿಲು ತೆರೆದಾಗ ಅವರ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು. "ಬರ್ರಿ ಬರ್ರಿ. ಮನಿಯವ್ರು ಊರಾಗಿಲ್ಲಂತ ಊಟಕ್ಕ ಬಂದ್ರೇನು?"

"ಅಕ್ಕ, ದೀಪ ಹಚ್ಚಿಬಿಟ್ರಾ?"

"ಇಲ್ಲ, ಈಗ ಹಚ್ಚಾಕ ಹೊಂಟಿದ್ದೆ. ಯಾಕ್ರೀ, ನಿಮಗ್ಯಾವಾಗಿಂದ ಬಂತು ಈ ಭಕ್ತಿ?"

"ಸ್ವಲ್ಪ ಹೆಪ್ಪು ಬೇಕಿತ್ತು."

ಅವರು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ಹೆಪ್ಪು? ನಿಮ್ಮ ಮನಿಯಿಂದ ಒಯ್ದಾಕಿ ನಾನು. ನನ್ನ ಕಡೆ ಕೇಳಾಕ ಬಂದೀರಿ? ಏನ್ ಮಾಡಿದ್ರಿ ಅದನ್ನ?"

"ಬಿಸಿ ಸ್ವಲ್ಪ ಜಾಸ್ತಿ ಆಯ್ತು. ಮೀಟರಲ್ಲಿ ಕಮ್ಮಿ ತೋರಿಸ್ತಿತ್ತು..."

"ಮೀಟರ? ಯಾಕ್ರೀ, ನಿಮ್ಮ ಮೊಸರು ಆಟೋ ಹತ್ತಿತ್ತೇನು?" ನಗು ತಡೆಯಲಾರದೆ ಗೋಡೆ ಹಿಡಿದುಕೊಂಡರು. "ಡಬ್ಬಿ ಕೊಡ್ರಿ ಲಗೂನ, ಹೊತ್ತು ಮುಳುಗೇತಿ."

ಡಬ್ಬಿ ತಂದಿರಲಿಲ್ಲ. ಕೋಟಿನ ಜೇಬಿನಲ್ಲಿ ಮೀಟರು ಮಾತ್ರ ಇತ್ತು. ಅವರು ತಮ್ಮದೇ ಒಂದು ಡಬ್ಬಿಗೆ ಮೊಸರು ಹಾಕುತ್ತಿದ್ದಾಗ ನನ್ನ ಬಾಯಿ ಸುಮ್ಮನಿರಲಿಲ್ಲ. "ಅಕ್ಕ, ಇದು ನಮ್ಮತ್ತೆ ಕೊಟ್ಟಿದ್ದೇ ಅಲ್ವಾ?"

ಅವರ ಚಮಚ ನಿಂತಿತು. "ಖರೆ ಹೇಳ್ಲೇನು? ಹ್ವಾದ ಬ್ಯಾಸಗಿಯೊಳಗ ನಾವು ಟೊರಾಂಟೊಕ್ಕ ಹೋಗಿದ್ವಿ. ಮನಿಯೊಳಗ ಸೊಸಿ ಒಬ್ಬಾಕೀನ ಇದ್ಲು. ಆಕಿ ಇದನ್ನ ನಡಸ್ಯಾಳೋ, ಅಂಗಡಿ ಮೊಸರು ತಂದು ಹಾಕ್ಯಾಳೋ, ಆ ದೇವರಿಗೇ ಗೊತ್ತು. ಕೇಳಿದ್ರ 'ಸೇಮ್ ಥಿಂಗ್' ಅಂದ್ಲು. ನಾ ಮುಂದ ಕೇಳ್ಲಿಲ್ಲ. ನೀವೂ ಕೇಳಬ್ಯಾಡ್ರಿ."

ಪಾಠ ಹೇಳುವ ಕೆಲಸದಲ್ಲಿದ್ದಿದ್ದರೆ ಇಂಥ ಪುರಾವೆ ತಂದ ವಿದ್ಯಾರ್ಥಿಯನ್ನು ನಾನು ಫೇಲ್ ಮಾಡುತ್ತಿದ್ದೆ. ಡಬ್ಬಿ ತೆಗೆದುಕೊಂಡು, ಅವರು ಬೆಂಕಿಕಡ್ಡಿ ಗೀರುವ ಮುನ್ನ ಹೊಸ್ತಿಲು ದಾಟಿದೆ. ಮನೆಗೆ ಬಂದು ಹಾಲು ಕಾಯಿಸಿ ಆರಿಸಿದೆ. ಪ್ರೋಬನ್ನು ನೇರವಾಗಿ ಮೀಟರಿಗೆ ಸಿಕ್ಕಿಸಿ ನೋಡಿದೆ, ನಂಬಿಕೆ ಬರಲಿಲ್ಲ. ಸುಟ್ಟ ಬೆರಳು ಅದ್ದಿ ನೋಡಿದೆ, ಅದೂ ಏನೂ ಹೇಳಲಿಲ್ಲ. ಎರಡನ್ನೂ ನಂಬದೆ ಹೆಪ್ಪು ಹಾಕಿ, ಅವನ್‌ನ ಲೈಟು ಹಾಕಿದೆ. ಬೆಳಿಗ್ಗೆ ಮೊಸರಾಗಿತ್ತು. ಯಾಕಾಯಿತು ಎಂದು ಕೇಳಲಿಲ್ಲ.

ಹೆಂಡತಿ ಬಂದ ದಿನ ನ್ಯೂವರ್ಕ್‌ನಿಂದ ಮನೆಯವರೆಗೆ ಹೇಳಬೇಕು ಹೇಳಬೇಕು ಎಂದುಕೊಂಡೇ ಡ್ರೈವ್ ಮಾಡಿದೆ. ಅವಳು ಗೃಹಪ್ರವೇಶದ ಅಡುಗೆಯವರ ಬಗ್ಗೆ ಹೇಳುತ್ತಿದ್ದಳು. ಮನೆಗೆ ಬಂದು ಕೈತೊಳೆದಳು, ಫ್ರಿಜ್ ತೆರೆದಳು, ಅನ್ನಕ್ಕೆ ಮೊಸರು ಕಲಸಿ ಒಂದು ತುತ್ತು ಬಾಯಿಗಿಟ್ಟಳು.

"ಚೆನ್ನಾಗಿದೆ," ಎಂದಳು. "ಆಟೋದಲ್ಲಿ ಬಂದಿದ್ದು ತಾನೇ ಇದು?"

ಅಕ್ಕ ಅವತ್ತೇ, ದೀಪ ಹಚ್ಚಿದ ಬೆಂಕಿಕಡ್ಡಿ ಆರುವ ಮುಂಚೆಯೇ, ಡಲ್ಲಾಸ್‌ಗೆ ಫೋನ್ ಮಾಡಿದ್ದರು. ಸೊಸೆಯ ಸೇಮ್ ಥಿಂಗ್ ಕೂಡ ಹೇಳಿದ್ದರು. ನಾನು ಎಲ್ಲವನ್ನೂ ಹೇಳಿದೆ. ಕೆಂಪು ತಂತಿಯ ಭಾಗ ಬಂದಾಗ ಅವಳು ಕೈ ಅಡ್ಡ ಹಿಡಿದಳು.

"ಆ ಕಲರ್ ಕಥೆಯೆಲ್ಲ ಆಮೇಲಿರಲಿ. ನನಗೊಂದು ಫೋನ್ ಮಾಡ್ಬಾರ್ದಿತ್ತಾ?"

"ಮಾಡಿದ್ರೆ ನೀನು ಅಲ್ಲಿಂದ ಏನು ಮಾಡ್ತಿದ್ದೆ?"

ಅವಳು ತುತ್ತು ಮುಗಿಸಿ ಎದ್ದು ಫ್ರೀಜರ್ ತೆರೆದಳು. ತೆಂಗಿನತುರಿಯ ಪ್ಯಾಕೆಟ್ಟುಗಳನ್ನೂ ಬಟಾಣಿಯನ್ನೂ ಸರಿಸಿ, ಹಿಂದಿನಿಂದ ಮಂಜು ಹಿಡಿದ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಯನ್ನು ತೋರಿಸಿದಳು. ಹೊರಗೆ ತೆಗೆಯಲಿಲ್ಲ.

"ಅಮ್ಮ ವಾಪಸ್ ಹೋಗೋ ಹಿಂದಿನ ದಿನ ಹೆಪ್ಪು ಹಾಕಿದ್ದು. ಅದರಲ್ಲಿ ಸ್ವಲ್ಪ ಎತ್ತಿಟ್ಟಿದ್ದೆ."

ಇಷ್ಟು ವರ್ಷ ನಾನು ಬಟಾಣಿ ತೆಗೆದ ಫ್ರೀಜರ್ ಅದು. ನೆಂಟರ ಮುಂದೆ ಕಸ್ಟಮ್ಸ್‌ನವನ ಕಥೆ ಹೇಳುತ್ತಿದ್ದಾಗಲೂ ಅದು ಅಲ್ಲೇ ಇತ್ತು. "ಇನ್ನೂ ಬದುಕಿದ್ಯಾ ಅದು?" ಎಂದು ಕೇಳಿದೆ.

"ಗೊತ್ತಿಲ್ಲ."

"ನೋಡಬಹುದಲ್ಲ. ಒಂದು ಚೂರು ಕೆರೆದು ಅರ್ಧ ಲೋಟ ಹಾಲಿಗೆ ಹಾಕಿದ್ರೆ ಬೆಳಿಗ್ಗೆಯೊಳಗೆ..."

"ಬೇಡ."

"ಪೂರ್ತಿ ಅಲ್ಲ ಕಣೇ, ಒಂದೇ ಒಂದು ಚೂರು..."

"ರೀ. ಬೇಡ ಅಂದೆ."

ಅವಳ ದನಿ ಏರಲಿಲ್ಲ. ಕೋಪವೂ ಅಲ್ಲ. ಅದು ಹೆಪ್ಪಾಗದೆ ಹೋದರೆ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ಬದುಕಿನಲ್ಲಿ ಕೇಳದೆ ಬಿಟ್ಟ ಪ್ರಶ್ನೆಗಳು ಕೆಲವೇ, ಅದರಲ್ಲಿ ಇದೊಂದು. ಹೀಗಾಗಿ ನಮ್ಮ ಮನೆಯಲ್ಲಿ ಈಗ ದಿನ ಬಿಟ್ಟು ದಿನ ಹೆಪ್ಪಾಗುತ್ತಿರುವುದು ತಂದೆ ತಾಯಿ ಯಾರೆಂದು ತಿಳಿಯದ ಪಿಸ್ಕಾಟವೇಯ ಮೊಸರು. ಅದನ್ನೇ ಅವಳು ಅಮ್ಮನ ಹೆಪ್ಪು ಎನ್ನುತ್ತಾಳೆ. ನಾನೂ ಹಾಗೆಯೇ ಅನ್ನುತ್ತೇನೆ.

ಫ್ರೀಜರಿನ ಮೇಲೆ ಮಾತ್ರ ನನಗೆ ಅಧಿಕಾರ ಸಿಕ್ಕಿತು. ಬೇಸಿಗೆಯ ಬಿರುಗಾಳಿಗೆ ಇಲ್ಲಿ ಆಗಾಗ ಕರೆಂಟು ಹೋಗುತ್ತದೆ. ಒಳಗಿನ ಉಷ್ಣತೆ ಏರಿದರೆ ಗೊತ್ತಾಗಲೆಂದು ಒಂದು ಪ್ರೋಬನ್ನು ಆ ಡಬ್ಬಿಯ ಪಕ್ಕದಲ್ಲಿ ಇಡುತ್ತೇನೆ ಎಂದೆ. ಡಬ್ಬಿ ಮುಟ್ಟಬಾರದು ಎಂಬ ಷರತ್ತಿನ ಮೇಲೆ ಒಪ್ಪಿದಳು. ನಡುವೆ ಯಾವ ತಂತಿಯೂ ಇಲ್ಲದೆ ನೇರ ಮೀಟರಿಗೆ ಸಿಕ್ಕಿಸಿದ್ದೇನೆ. ಫ್ಯಾರನ್‌ಹೀಟ್ ಸೊನ್ನೆಯ ಆಸುಪಾಸು ತೋರಿಸುತ್ತದೆ. ಸರಿಯಾಗಿಯೇ ಇರಬೇಕು. ಆದರೂ ಕೆಲವೊಮ್ಮೆ ಅದರ ಮೇಲೆ ಅನುಮಾನ ಬಂದು, ಒಳಗೆ ನಿಜವಾಗಿಯೂ ಅಷ್ಟು ತಣ್ಣಗಿದೆಯೇ ಎಂದು ಬಾಗಿಲು ತೆರೆದು, ಬಟಾಣಿ ಸರಿಸಿ, ಮಂಜು ಹಿಡಿದ ಡಬ್ಬಿಯನ್ನು ನೋಡುತ್ತಾ ನಿಲ್ಲುತ್ತೇನೆ. ಮೀಟರಿನ ಅಂಕಿ ಮೆಲ್ಲಗೆ ಏರತೊಡಗುತ್ತದೆ.

"ನೋಡಿ ನೋಡೀನೇ ಕರಗಿಸ್ತೀರ," ಎನ್ನುತ್ತಾಳೆ ಹೆಂಡತಿ, ತರಕಾರಿ ಹೆಚ್ಚುತ್ತಿದ್ದಲ್ಲಿಂದಲೇ. "ಮುಚ್ಚಿ."